ಕಿಡ್ನಿ ಕಸಿ ಆಗಿ ಐದನೇ ತಿಂಗಳು: ಭೇದಿ, ಸಣ್ಣ ಜ್ವರ, ಬಿಳಿ ರಕ್ತಕಣ 2,400. ‘ವೈರಲ್, ನಾಲ್ಕು ದಿನ ನೋಡೋಣ’ ಅಂತಾರೆ. ಕಾಯಬಹುದಾ?

ಬೆಣ್ಣೆನಗರಿ_ಸೊಸೆ
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಕಿಡ್ನಿ ಕಸಿ ಆಗಿ ಇದು ಐದನೇ ತಿಂಗಳು. ಕೊಟ್ಟವರು ನಮ್ಮ ಅತ್ತೆ. ಆಪರೇಷನ್ ಆಗಿದ್ದು ಬೆಂಗಳೂರಲ್ಲಿ, ನಾವಿರೋದು ದಾವಣಗೆರೆ. ಹೊಸ ಕಿಡ್ನಿಯನ್ನ ದೇಹ ತಿರಸ್ಕರಿಸದಿರಲಿ ಅಂತ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಪ್ರೆಡ್ನಿಸೋಲೋನ್ (ಸ್ಟಿರಾಯ್ಡ್) ನಡೀತಿದೆ. ವೈರಸ್ ಸೋಂಕು ತಡೆಯೋ ವಾಲ್‌ಗ್ಯಾನ್‌ಸೈಕ್ಲೋವಿರ್ ಮೂರು ತಿಂಗಳು ಕೊಟ್ಟು ನಿಲ್ಲಿಸಿದ್ರು.

ಹೋದ ವಾರದಿಂದ ಊಟ ಸೇರ್ತಿಲ್ಲ. ಭೇದಿ ನಿಲ್ತಾನೇ ಇಲ್ಲ, ಸಂಜೆಯಾದ್ರೆ ಮೈ ಬೆಚ್ಚಗಾಗುತ್ತೆ, 100 ದಾಟಲ್ಲ. ಇಲ್ಲೇ ಹತ್ತಿರದ ಕ್ಲಿನಿಕ್‌ನಲ್ಲಿ ತೋರಿಸಿದ್ವಿ. ಬಿಳಿ ರಕ್ತಕಣ 2,400 ಇದೆ. ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತೋರಿಸೋ ಕ್ರಿಯಾಟಿನಿನ್ 1.2 ಇದ್ದದ್ದು 1.6 ಆಗಿದೆ. ‘ಎಲ್ಲಾ ಕಡೆ ವೈರಲ್ ಇದೆ, ನಾಲ್ಕು ದಿನ ನೋಡೋಣ’ ಅಂತ ಕ್ಲಾರಿಥ್ರೋಮೈಸಿನ್ ಅನ್ನೋ ಆಂಟಿಬಯೋಟಿಕ್ ಬರೆದುಕೊಟ್ರು. ಮಾತ್ರೆ ತಂದಿಟ್ಟಿದೀನಿ, ಇನ್ನೂ ಕೊಟ್ಟಿಲ್ಲ. ಇತ್ತ ನಮ್ಮ ದೊಡ್ಡಮಾವ ಅಮೃತಬಳ್ಳಿ ತಂದು ಕಷಾಯ ಮಾಡಿಕೊಡು ಅಂತ ಕೂತಿದ್ದಾರೆ. ಬೆಂಗಳೂರಿನವರಿಗೆ ಪದೇ ಪದೇ ಫೋನ್ ಮಾಡೋಕೆ ಸಂಕೋಚ ಆಗುತ್ತೆ. ಕಾಯಬಹುದಾ, ಹೊರಟೇ ಬಿಡಬೇಕಾ?

ಹುಬ್ಬಳ್ಳಿ_ಕಾಕಾ
ಅಲ್ರೀ ತಂಗಿ, ಫೋನ್ ಹಚ್ಚಾಕ ಸಂಕೋಚ ಯಾಕ? ಆ ನಂಬರ್ ಕೊಟ್ಟಿದ್ದ ಇಂಥಾದ್ದಕ್ಕ. ಕಸಿ ಆದವ್ರಿಗೆ ಜ್ವರ ಬಂದ್ರ ಸುಮ್ನ ಕುಂದ್ರೂ ಹಂಗಿಲ್ಲ. ಮನಿಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂಗ ಆಗೂದು ಬ್ಯಾಡ. ಈಗ ಹಚ್ರಿ.

ಮೆಡಿಕಲ್_ಶಾಪ್_ಶಿವಮೊಗ್ಗ
ಮೊದಲು ಒಂದು ವಿಷಯ. ಆ ಕ್ಲಾರಿಥ್ರೋಮೈಸಿನ್ ಕೊಡಬೇಡಿ. ಟ್ಯಾಕ್ರೋಲಿಮಸ್ ಕರಗಿಸೋ ಲಿವರ್ ಕಿಣ್ವವನ್ನೇ ಅದು ತಡೆಯುತ್ತೆ. ರಕ್ತದಲ್ಲಿ ಟ್ಯಾಕ್ರೋ ಏರಿಬಿಡುತ್ತೆ, ಕೈ ನಡುಗುತ್ತೆ, ಕಿಡ್ನಿಗೆ ಪೆಟ್ಟು ಬೀಳುತ್ತೆ. ಎರಿಥ್ರೋಮೈಸಿನ್, ಫ್ಲುಕೊನಜೋಲ್, ಡಿಲ್ಟಿಯಾಜೆಮ್ ಎಲ್ಲಾ ಅದೇ ಸಾಲಿನವು. ಕೋವಿಡ್‌ಗೆ ಕೊಡೋ ಪ್ಯಾಕ್ಸ್‌ಲೋವಿಡ್‌ನಲ್ಲಿ ರಿಟೋನಾವಿರ್ ಇದೆ, ಅದು ಇವೆಲ್ಲಕ್ಕಿಂತ ಜೋರು. ಟಿಬಿಯ ರಿಫಾಂಪಿಸಿನ್ ಇದಕ್ಕೆ ತದ್ವಿರುದ್ಧ, ಟ್ಯಾಕ್ರೋವನ್ನ ಇಳಿಸಿಬಿಡುತ್ತೆ. ನನ್ನ ಅಂಗಡಿಗೆ ಬರೋ ಕಸಿ ರೋಗಿಗಳಿಗೆಲ್ಲ ಹೇಳಿದ್ದೀನಿ, ಯಾರೇ ಯಾವುದೇ ಹೊಸ ಮಾತ್ರೆ ಬರೆದರೂ ಕಸಿ ಮಾಡಿದ ತಂಡಕ್ಕೆ ಹೇಳಿ ಆಮೇಲೆ ನುಂಗಿ ಅಂತ.

ಹನ್ನೊಂದನೇ_ವರ್ಷ
ಐದನೇ ತಿಂಗಳು, ವಾಲ್‌ಗ್ಯಾನ್ ನಿಂತು ಎರಡು ತಿಂಗಳು, ಭೇದಿ, ಬಿಳಿ ಕಣ ಕಡಿಮೆ. ಮೇಡಂ, ಸಿಎಂವಿ (ಸೈಟೋಮೆಗಾಲೋವೈರಸ್, ವಾಲ್‌ಗ್ಯಾನ್ ತಡೆಯೋದು ಇದನ್ನೇ) ಪರೀಕ್ಷೆ ಆಗಲೇಬೇಕು. ನನ್ನ ಜೊತೆ ಕಸಿ ಆದವರಲ್ಲಿ ಇಬ್ಬರಿಗೆ ಸರಿಯಾಗಿ ಇದೇ ಹೊತ್ತಲ್ಲಿ ಬಂದಿತ್ತು.

ಆಯುರ್ವೇದ_ಅಭಿಮಾನಿ
ಎಲ್ಲಾದಕ್ಕೂ ಬೆಂಗಳೂರು ಅಂತ ಓಡಿಸಬೇಡಿ ಪಾಪ. ಮಳೆಗಾಲದಲ್ಲಿ ಯಾರಿಗೆ ಭೇದಿ ಆಗಲ್ಲ? ಅಮೃತಬಳ್ಳಿ ತಲೆತಲಾಂತರದಿಂದ ಬಂದಿರೋ ಮದ್ದು. ರೋಗನಿರೋಧಕ ಶಕ್ತಿ ಹೆಚ್ಚಿದ್ರೆ ವೈರಸ್ ತಾನಾಗೇ ಹೋಗುತ್ತೆ.

ನೆಫ್ರೋ_ರೆಸಿಡೆಂಟ್
ಇಲ್ಲಿ ಕೂತು ರೋಗ ಇಂಥದ್ದೇ ಅಂತ ಹೇಳಲ್ಲ, ಹೇಳಬಾರದು. ಆದ್ರೆ ನೀವು ಬರೆದ ಲಕ್ಷಣಗಳು ಕಾಯೋ ಲಕ್ಷಣಗಳಲ್ಲ. ಇವತ್ತೇ ನಿಮ್ಮ ಕಸಿ ಸಂಯೋಜಕರಿಗೆ ಫೋನ್ ಮಾಡಿ.

ಸ್ಟಿರಾಯ್ಡ್ ತಗೊಳ್ಳೋರಿಗೆ ಜ್ವರ ಪೂರ್ತಿ ಏರಲ್ಲ. ‘100 ದಾಟಿಲ್ಲ’ ಅಂತ ಸಮಾಧಾನ ಮಾಡ್ಕೋಬೇಡಿ. ಬೇರೆಯವರಲ್ಲಿ 102 ತೋರಿಸೋ ಸೋಂಕು ಇವರಲ್ಲಿ 99.8ರಲ್ಲೇ ನಿಂತಿರಬಹುದು.

ಭೇದಿಗೆ ಮೈಕೋಫಿನೋಲೇಟೇ ಕಾರಣ ಇರಬಹುದು. ಸಿಎಂವಿ ಕರುಳಿಗೆ ಇಳಿದಿರಬಹುದು. ನೊರೋವೈರಸ್ ಇರಬಹುದು, ಅದು ಕಸಿ ಆದವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ. ಇನ್ನೊಂದು ವಿಷಯ ಊರಿನ ಡಾಕ್ಟರುಗಳಿಗೂ ಸಾಮಾನ್ಯವಾಗಿ ಹೊಳೆಯಲ್ಲ: ಭೇದಿ ಆದಾಗ ಟ್ಯಾಕ್ರೋ ಮಟ್ಟ ಇಳಿಯೋ ಬದಲು ಏರುತ್ತೆ. ಕರುಳಿನ ಒಳಪದರ ಒಂದಷ್ಟು ಔಷಧವನ್ನ ಅಲ್ಲೇ ಒಡೆದುಹಾಕ್ತಿರುತ್ತೆ. ಪದರ ಕೆಟ್ಟಾಗ ಒಡೆಯೋರಿಲ್ಲ, ಎಲ್ಲಾ ರಕ್ತಕ್ಕೆ ಹೋಗುತ್ತೆ. ನಿಮ್ಮ ಯಜಮಾನರ ಕ್ರಿಯಾಟಿನಿನ್ ಏರಿರೋದಕ್ಕೆ ನೀರು ಕಡಿಮೆಯಾದದ್ದೂ ಕಾರಣ ಇರಬಹುದು, ಇದೂ ಇರಬಹುದು. ಅದರ ಮೇಲೆ ಕ್ಲಾರಿಥ್ರೋಮೈಸಿನ್ ಬಿದ್ದಿದ್ರೆ ಕಷ್ಟ ಆಗ್ತಿತ್ತು. ತಡೆದಿಟ್ಟಿದ್ದು ಒಳ್ಳೇದಾಯ್ತು.

ಬಿಳಿ ರಕ್ತಕಣ ಇಳಿಯೋದಕ್ಕೂ ಹೀಗೇ ನಾಲ್ಕೈದು ದಾರಿ. ಮೈಕೋಫಿನೋಲೇಟ್, ಸೋಂಕು ತಡೆಯೋಕೆ ಕೊಡೋ ಸೆಪ್ಟ್ರಾನ್ ಮಾತ್ರೆ, ಸಿಎಂವಿ, ಡೆಂಗಿ. ಅದಕ್ಕೇ ಪರೀಕ್ಷೆ ಮಾಡದೆ ಊಹೆ ಮೇಲೆ ಮದ್ದು ಕೊಡೋ ಹಾಗಿಲ್ಲ.

@ಆಯುರ್ವೇದ_ಅಭಿಮಾನಿ ಸಾರ್, ಆರೋಗ್ಯವಂತರು ಏನು ಕುಡೀತಾರೆ ಅನ್ನೋದು ಬೇರೆ ಮಾತು. ಇವರು ದಿನಾ ಎರಡು ಹೊತ್ತು ಮಾತ್ರೆ ನುಂಗೋದೇ ರೋಗನಿರೋಧಕ ಶಕ್ತಿ ತಗ್ಗಿರಲಿ, ಅಮ್ಮನ ಕಿಡ್ನಿಯನ್ನ ದೇಹ ಹೊರಗಿನದು ಅಂತ ಹೊಡೆಯದಿರಲಿ ಅಂತ. ಅದನ್ನ ಕೆದಕೋದು ಇಲ್ಲಿ ಸಲ್ಲದು. ಅದಲ್ಲದೆ ಅಮೃತಬಳ್ಳಿ ಕುಡಿದು ಲಿವರ್ ಉರಿಯೂತ ಆದವರ ಬಗ್ಗೆ ಮುಂಬೈ ವೈದ್ಯರು 2021ರಲ್ಲೇ ವರದಿ ಮಾಡಿದ್ದಾರೆ.

ಆಯುರ್ವೇದ_ಅಭಿಮಾನಿ
ಆ ವರದಿಯನ್ನ ಆಯುಷ್ ಸಚಿವಾಲಯ ಒಪ್ಪಲಿಲ್ಲ ಅನ್ನೋದನ್ನೂ ಹೇಳಿ. ಅದು ಬೇರೆ ಜಾತಿಯ ಬಳ್ಳಿ ಅಂತ ಹೇಳಿದ್ರು.

ನೆಫ್ರೋ_ರೆಸಿಡೆಂಟ್
ಹೌದು, ಸಚಿವಾಲಯ ತಕರಾರು ತೆಗೆದದ್ದು ನಿಜ. ಆಮೇಲೆ ದೇಶದ ಬೇರೆ ಬೇರೆ ಕೇಂದ್ರಗಳ ವೈದ್ಯರು ಸೇರಿ ಇನ್ನಷ್ಟು ರೋಗಿಗಳ ವಿವರ ಪ್ರಕಟಿಸಿದ್ರು. ಬಳ್ಳಿಯ ಜಾತಿ ಯಾವುದೇ ಇರಲಿ, ಟ್ಯಾಕ್ರೋ ಜೊತೆ ಅದು ಹೇಗೆ ನಡ್ಕೊಳ್ಳುತ್ತೆ ಅಂತ ಯಾರೂ ಅಳೆದಿಲ್ಲ. ಅಳೆಯದ ವಸ್ತುವನ್ನ ಐದನೇ ತಿಂಗಳಲ್ಲಿ ಕೊಡಬಾರದು, ಅಷ್ಟೇ ನನ್ನ ಮಾತು.

ನೇರಳೆ_ಮುಚ್ಚಳ
ಲ್ಯಾಬ್‌ನಲ್ಲಿ ಕೆಲಸ ಮಾಡೋನು ನಾನು. ಬೆಂಗಳೂರಿಗೆ ಹೊರಟ್ರೆ ಇದನ್ನ ನೆನಪಿಡಿ ಅಕ್ಕಾ. ಟ್ಯಾಕ್ರೋ ಪರೀಕ್ಷೆಗೆ ರಕ್ತ ಕೊಡೋ ಬೆಳಿಗ್ಗೆ ಮಾತ್ರೆ ನುಂಗಿಸಬೇಡಿ. ಹಿಂದಿನ ರಾತ್ರಿ ಮಾತ್ರೆ ನುಂಗಿ ಹನ್ನೆರಡು ಗಂಟೆ ಆದ ಮೇಲೆ, ಬೆಳಗಿನದ್ದಕ್ಕೆ ಮುಂಚೆ ರಕ್ತ ತೆಗೀಬೇಕು. ಮಾತ್ರೆ ಡಬ್ಬಿ ಜೊತೆಗೇ ಒಯ್ಯಿರಿ, ರಕ್ತ ಕೊಟ್ಟ ತಕ್ಷಣ ನುಂಗಿಸಿ. ಮಾತ್ರೆ ನುಂಗಿ ಬಂದು ‘ಲೆವೆಲ್ 18 ಬಂದಿದೆ’ ಅಂತ ಗಾಬರಿ ಬೀಳೋರನ್ನ ವಾರಾ ನೋಡ್ತೀನಿ.

ಸಿಎಂವಿ ಪಿಸಿಆರ್, ಅಂದ್ರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಎಣಿಸೋ ಪರೀಕ್ಷೆ, ಮಾಡಿಸೋದಾದ್ರೆ ಒಂದೇ ಲ್ಯಾಬ್‌ನಲ್ಲಿ ಮಾಡಿಸ್ತಾ ಹೋಗಿ. ಕೆಲವರು ಪೂರ್ತಿ ರಕ್ತದಲ್ಲಿ ನೋಡ್ತಾರೆ, ಕೆಲವರು ಪ್ಲಾಸ್ಮಾದಲ್ಲಿ. ಅಂಕಿ ತಾಳೆ ಆಗಲ್ಲ. ರಿಪೋರ್ಟ್‌ನಲ್ಲಿ ವೈರಸ್ ಲೆಕ್ಕ ಕಾಪಿ ಅಂತ ಇದೆಯಾ, ಅಂತಾರಾಷ್ಟ್ರೀಯ ಯೂನಿಟ್ ಅಂತ ಇದೆಯಾ ನೋಡ್ಕೊಳ್ಳಿ. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಮಾನಕ ತಂದ ಮೇಲೂ ಈ ಗೊಂದಲ ಪೂರ್ತಿ ಹೋಗಿಲ್ಲ.

ಕರಾವಳಿ_ಅಮ್ಮ
ಸಿಎಂವಿ ಅಂದರೆ ಎಲ್ಲರಿಗೂ ಒಂದೇ ಅಲ್ಲ ಮಾರಾಯ್ರೆ. ನನ್ನ ಮಗಳಿಗೆ ಅವಳ ಅಪ್ಪನ ಕಿಡ್ನಿ ಹಾಕಿದ್ದು. ಅವರಿಗೆ ಸಿಎಂವಿ ಹಿಂದೆ ಬಂದು ಹೋದ ಗುರುತು ರಕ್ತದಲ್ಲಿ ಉಂಟು, ಅವಳಿಗೆ ಇರಲಿಲ್ಲ. ಆ ಜೋಡಿಗೇ ಅಪಾಯ ಜಾಸ್ತಿ ಅಂತ ಅವಳಿಗೆ ಆರು ತಿಂಗಳು ವಾಲ್‌ಗ್ಯಾನ್ ಕೊಟ್ಟರು. ನಿಮ್ಮವರಿಗೆ ಮೂರೇ ತಿಂಗಳು ಯಾಕೆ ಕೊಟ್ಟದ್ದು? ಕೇಳಿ ನೋಡಿ.

ನೆಫ್ರೋ_ರೆಸಿಡೆಂಟ್
ಅದರಲ್ಲಿ ತಪ್ಪೇನಿಲ್ಲ ಅಕ್ಕಾ. ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಸಿಎಂವಿ ಚಿಕ್ಕಂದಿನಲ್ಲೇ ಬಂದು ಮೈಯಲ್ಲಿ ಅಡಗಿರುತ್ತೆ. ಆಗ ಕೊಟ್ಟವರಿಗೂ ಪಡೆದವರಿಗೂ ಇಬ್ಬರಿಗೂ ಪಾಸಿಟಿವ್. ಅಂಥವರಿಗೆ ಮೂರು ತಿಂಗಳು ಕೊಡೋದು ರೂಢಿ. ಕೊಟ್ಟವರಿಗೆ ಇದ್ದು ಪಡೆದವರಿಗೆ ಇಲ್ಲದಿದ್ರೆ ಆರು ತಿಂಗಳು. ಮಕ್ಕಳಲ್ಲಿ ಆ ಜೋಡಿ ಹೆಚ್ಚು ಸಿಗುತ್ತೆ, ನಿಮ್ಮ ಮಗಳ ಹಾಗೆ. ಕಸಿ ಹೊತ್ತಲ್ಲಿ ರೋಗನಿರೋಧಕ ಶಕ್ತಿಯನ್ನ ಜೋರಾಗಿ ತಗ್ಗಿಸೋ ಎಟಿಜಿ ಇಂಜೆಕ್ಷನ್ ಕೊಟ್ಟಿದ್ರೆ ಅಪಾಯ ಇನ್ನೊಂದು ಮೆಟ್ಟಿಲು ಏರುತ್ತೆ.

ಮಾತ್ರೆ ನಿಲ್ಲಿಸಿದ ಮೇಲಿನ ಎರಡು ಮೂರು ತಿಂಗಳಲ್ಲಿ ಅದು ತಲೆ ಎತ್ತೋದು ಗೊತ್ತಿರೋ ಸಂಗತಿ. ಯಾರೂ ಉಡಾಫೆ ಮಾಡಿದ್ರು ಅಂತ ಅಲ್ಲ.

ಎಡಿಸನ್_ಕನ್ನಡಿಗ
ಇಲ್ಲಿ ನ್ಯೂಜೆರ್ಸಿಯಲ್ಲಿ ನಮ್ಮ ಭಾವನಿಗೆ ಸಿಎಂವಿ ತಡೆಯೋಕೆ ಲೆಟರ್ಮೊವಿರ್ ಕೊಟ್ಟರು. ಕಿಡ್ನಿ ಕಸಿಯವರಿಗೆ 2023ರಲ್ಲಿ ಒಪ್ಪಿಗೆ ಸಿಕ್ಕಿದ್ದು. ವಾಲ್‌ಗ್ಯಾನ್ ಹಾಗೆ ಬಿಳಿ ರಕ್ತಕಣ ಇಳಿಸಲ್ಲ ಅನ್ನೋದೇ ಅದರ ದೊಡ್ಡ ಗುಣ. ಇಂಡಿಯಾದಲ್ಲಿ ಯಾಕೆ ಎಲ್ಲರಿಗೂ ಅದನ್ನೇ ಕೊಡಬಾರದು?

ನೆಫ್ರೋ_ರೆಸಿಡೆಂಟ್
ಬೆಲೆ ಕೇಳಿದ್ರೆ ಉತ್ತರ ಸಿಗುತ್ತೆ ಸಾರ್. ಅದಲ್ಲದೆ ಆ ಒಪ್ಪಿಗೆ ಸಿಕ್ಕಿರೋದು ಕೊಟ್ಟವರಿಗೆ ಇದ್ದು ಪಡೆದವರಿಗೆ ಇಲ್ಲದ ಜೋಡಿಗೆ ಮಾತ್ರ. ಅದು ಬರೋ ಮುಂಚೆ ತಡೆಯೋಕೆ, ಬಂದ ಮೇಲೆ ವಾಸಿ ಮಾಡೋಕಲ್ಲ. ಸರ್ಪಸುತ್ತು, ಬಾಯಿಹುಣ್ಣಿನ ಹರ್ಪಿಸ್‌ಗೆ ಕೆಲಸ ಮಾಡಲ್ಲ, ಜೊತೆಗೆ ಎಸೈಕ್ಲೋವಿರ್ ಸೇರಿಸಬೇಕು. ಟ್ಯಾಕ್ರೋ ಮಟ್ಟವನ್ನೂ ಏರಿಸುತ್ತೆ. ಒಳ್ಳೇ ಔಷಧ ಹೌದು, ಆದ್ರೆ ದಾವಣಗೆರೆಯಲ್ಲಿ ಕೂತ ಮನೆಗೆ ವಾಲ್‌ಗ್ಯಾನೇ ಸದ್ಯಕ್ಕೆ ಕೈಗೆಟಕೋದು.

ಬೆಣ್ಣೆನಗರಿ_ಸೊಸೆ
ಫೋನ್ ಮಾಡಿದೆ. ಸಂಯೋಜಕರು ಒಂದು ಮಾತೂ ಬೈಯಲಿಲ್ಲ. ‘ಆ ಮಾತ್ರೆ ಬೇಡ, ಓಆರ್‌ಎಸ್ ಕುಡಿಸ್ತಾ ಇರಿ, ನಾಳೆ ಬೆಳಿಗ್ಗೆ ಮಾತ್ರೆ ನುಂಗಿಸದೆ ಕರ್ಕೊಂಡು ಬನ್ನಿ’ ಅಂದ್ರು. ರಾತ್ರಿ ಬಸ್ಸಿಗೆ ಹೊರಟ್ವಿ. ಎಲ್ಲರಿಗೂ ಧನ್ಯವಾದ. @ನೇರಳೆ_ಮುಚ್ಚಳ ತಮ್ಮಾ, ಮಾತ್ರೆ ಡಬ್ಬಿ ಬ್ಯಾಗಿನ ಮೇಲೇ ಇಟ್ಟಿದೀನಿ.

ಹುಬ್ಬಳ್ಳಿ_ಕಾಕಾ
ಶಾಣ್ಯಾಕಿ ನೋಡ್ವಾ. ಹೋಗಿ ಬರ್ರಿ, ಚಲೋ ಆಗ್ತೈತಿ.

ಹನ್ನೊಂದನೇ_ವರ್ಷ
ಒಳ್ಳೇದು ಮೇಡಂ. ಬಿಕೆ ವೈರಸ್ ಪಿಸಿಆರ್ ಕೂಡ ಜೊತೆಗೇ ಕೇಳಿ. ಕ್ರಿಯಾಟಿನಿನ್ ಏರಿದೆ ಅಂದಿದ್ರಿ, ಅದಕ್ಕೆ ಹೇಳಿದೆ.

ಲಿವರ್_ಕಸಿ_2019
ಬಿಕೆ ಅಂದ್ರೆ ಏನು? ನಮಗೆ ಯಾರೂ ಆ ಹೆಸರು ಹೇಳಿಲ್ಲ.

ಹನ್ನೊಂದನೇ_ವರ್ಷ
ನಿಮಗೆ ಲಿವರ್ ಆದ್ದರಿಂದ ಹೇಳಿರಲ್ಲ. ಇದು ಕಿಡ್ನಿ ಕಸಿಯವರನ್ನೇ ಹೆಚ್ಚು ಕಾಡೋದು. 1971ರಲ್ಲಿ ಲಂಡನ್‌ನಲ್ಲಿ ಕಿಡ್ನಿ ಕಸಿ ಆಗಿದ್ದ ಒಬ್ಬ ರೋಗಿಯ ಮೂತ್ರದಲ್ಲಿ ಮೊದಲು ಸಿಕ್ಕಿತು. ಬಿಕೆ ಅನ್ನೋದು ಆ ರೋಗಿಯ ಹೆಸರಿನ ಮೊದಲಕ್ಷರ. ಹೆಚ್ಚಿನವರ ಮೂತ್ರನಾಳದಲ್ಲಿ ಸುಮ್ಮನೆ ಬಿದ್ದಿರುತ್ತೆ. ಮಾತ್ರೆಗಳಿಂದ ಶಕ್ತಿ ತಗ್ಗಿದಾಗ ಹೊಸ ಕಿಡ್ನಿಯನ್ನ ತಿನ್ನೋಕೆ ಶುರು ಮಾಡುತ್ತೆ.

ನನಗೆ ಬಂದಿತ್ತು. ಜ್ವರ ಇಲ್ಲ, ನೋವಿಲ್ಲ, ಮೂತ್ರ ಸರಾಗ. ಕ್ರಿಯಾಟಿನಿನ್ ಮಾತ್ರ ತಿಂಗಳು ತಿಂಗಳು ಒಂದೊಂದು ಹೆಜ್ಜೆ ಮೇಲೆ. ಆಗ ನಾನು ಬೇರೊಂದು ಊರಲ್ಲಿದ್ದೆ, ಅಲ್ಲಿ ತೋರಿಸಿದಾಗ ದೇಹ ಕಿಡ್ನಿಯನ್ನ ತಿರಸ್ಕರಿಸ್ತಿದೆ ಅಂತ ಸ್ಟಿರಾಯ್ಡ್ ಡ್ರಿಪ್ ಹಾಕಿದ್ರು. ಕ್ರಿಯಾಟಿನಿನ್ ಇಳೀಲಿಲ್ಲ, ಇನ್ನೂ ಏರಿತು. ಕೊನೆಗೆ ಬಯಾಪ್ಸಿ ಮಾಡಿದಾಗ ವೈರಸ್ ಕಂಡಿದ್ದು. ತಿರಸ್ಕಾರಕ್ಕೆ ಮಾತ್ರೆ ಹೆಚ್ಚಿಸಬೇಕು, ಬಿಕೆಗೆ ಮಾತ್ರೆ ಇಳಿಸಬೇಕು. ಪೂರ್ತಿ ಉಲ್ಟಾ. ಅದರ ವಿರುದ್ಧ ನೇರವಾಗಿ ಕೆಲಸ ಮಾಡೋ ಔಷಧ ಇವತ್ತಿಗೂ ಇಲ್ಲ. ಮೈಕೋಫಿನೋಲೇಟ್ ಅರ್ಧಕ್ಕೆ ಇಳಿಸಿ, ಟ್ಯಾಕ್ರೋ ತಗ್ಗಿಸಿ, ಪಿಸಿಆರ್ ನೋಡ್ತಾ ಹೋದ್ರು. 1.9ಕ್ಕೆ ನಿಂತಿದೆ, ಇವತ್ತಿಗೂ ಅಲ್ಲೇ ಇದೆ.

ಲಿವರ್_ಕಸಿ_2019
ಹಾಗಾದ್ರೆ ಸಿಎಂವಿ ಬಂದಾಗಲೂ ನಾವೇ ಒಂದು ಮಾತ್ರೆ ಕಡಿಮೆ ಮಾಡ್ಕೊಂಡ್ರೆ ಆಗಲ್ವಾ?

ಹನ್ನೊಂದನೇ_ವರ್ಷ
ಖಂಡಿತ ಬೇಡ. ಹಾಗೆ ಮಾಡಿ ಕಿಡ್ನಿ ಕಳ್ಕೊಂಡವರನ್ನ ಡಯಾಲಿಸಿಸ್ ಕುರ್ಚಿಯಲ್ಲಿ ನೋಡಿದ್ದೀನಿ. ಎಷ್ಟು ಇಳಿಸಬೇಕು, ಯಾವುದನ್ನ, ಯಾವಾಗ ವಾಪಸ್ ಏರಿಸಬೇಕು ಅನ್ನೋದು ಅವರ ಲೆಕ್ಕ.

ನೆಫ್ರೋ_ರೆಸಿಡೆಂಟ್
@ಹನ್ನೊಂದನೇ_ವರ್ಷ ಸಾರ್ ಹೇಳಿದ್ದಕ್ಕೆ ಒಂದು ಸೇರ್ಪಡೆ. ಮೊದಲ ಒಂಬತ್ತು ತಿಂಗಳು ತಿಂಗಳಿಗೊಮ್ಮೆ, ಆಮೇಲೆ ಎರಡು ವರ್ಷದವರೆಗೆ ಮೂರು ತಿಂಗಳಿಗೊಮ್ಮೆ ರಕ್ತದಲ್ಲಿ ಬಿಕೆ ನೋಡಬೇಕು ಅನ್ನೋದು ಮಾರ್ಗಸೂಚಿ. ಕ್ರಿಯಾಟಿನಿನ್ ಏರೋ ಮುಂಚೆಯೇ ಸಿಕ್ಕಿಬೀಳುತ್ತೆ. ದುಡ್ಡು ಉಳಿಸೋಕೆ ಅಂತ ಬಿಡೋದು ಇದೇ ಪರೀಕ್ಷೆಯನ್ನ, ಅದು ನನಗೆ ಬೇಜಾರು. ಲಿವೋಫ್ಲಾಕ್ಸಾಸಿನ್ ಕೊಟ್ರೆ ಬಿಕೆ ತಡೀಬಹುದು ಅಂತ ಒಂದು ಕಾಲದಲ್ಲಿ ನಂಬಿದ್ರು, ಪರೀಕ್ಷೆ ಮಾಡಿ ನೋಡಿದಾಗ ಉಪಯೋಗ ಕಾಣಲಿಲ್ಲ. ಈಗಲೂ ಯಾರಾದ್ರೂ ಬರೆದುಕೊಟ್ರೆ ಯಾಕೆ ಅಂತ ಕೇಳಿ.

ಬೆಣ್ಣೆನಗರಿ_ಸೊಸೆ
ವಾರ್ಡಿನಿಂದ ಬರೀತಿದೀನಿ. ಡೆಂಗಿ ಇಲ್ಲ. ಬಿಕೆ ಇಲ್ಲ. ಟ್ಯಾಕ್ರೋ 14 ಬಂತು, ತುಂಬ ಜಾಸ್ತಿ ಅಂದ್ರು. ಸಿಎಂವಿ ರಕ್ತದಲ್ಲಿ ಸಿಕ್ಕಿದೆ, 40 ಸಾವಿರದ ಹತ್ತಿರ. ಕೊಲೊನೋಸ್ಕೋಪಿಯಲ್ಲಿ ಕರುಳಲ್ಲಿ ಹುಣ್ಣು ಕಂಡಿದೆ, ಚೂರು ತೆಗೆದು ಕಳಿಸಿದ್ದಾರೆ. ಗ್ಯಾನ್‌ಸೈಕ್ಲೋವಿರ್ ಡ್ರಿಪ್ ಶುರುವಾಗಿದೆ, ಮೈಕೋಫಿನೋಲೇಟ್ ಅವರೇ ಇಳಿಸಿದ್ದಾರೆ. ಇವತ್ತು ಮೊದಲ ಸಲ ಎರಡು ಇಡ್ಲಿ ತಿಂದ್ರು.

ಒಂದು ಮಾತು ಕೇಳಬೇಕಿತ್ತು. ಈ ವೈರಸ್ ಕೊಟ್ಟವರ ಅಂಗದಿಂದಲೂ ಬರುತ್ತೆ ಅಂತ ಯಾರೋ ಅಂದದ್ದು ಅತ್ತೆ ಕಿವಿಗೆ ಬಿದ್ದುಬಿಟ್ಟಿದೆ. ‘ನನ್ನ ಕಿಡ್ನಿಯಿಂದಲೇ ಮಗನಿಗೆ ಹೀಗಾಯ್ತು’ ಅಂತ ಮನೇಲಿ ಜಗಲಿ ಬಿಟ್ಟು ಏಳ್ತಿಲ್ಲ, ಊಟ ಮಾಡ್ತಿಲ್ಲ. ಏನು ಹೇಳಲಿ?

ದಾನಿ_ತಾಯಿ
ಮಗಾ, ನಾನೂ ನನ್ನ ಮಗನಿಗೆ ಕೊಟ್ಟವಳು. ನಿಮ್ಮ ಅತ್ತೆಗೆ ಈ ಮಾತು ಓದಿ ಹೇಳು. ಆ ವೈರಸ್ ನನ್ನ ಮೈಯಲ್ಲೂ ಇದೆ, ನಿನ್ನ ಮೈಯಲ್ಲೂ ಇರುತ್ತೆ, ಬೀದಿಯಲ್ಲಿ ಹೋಗೋ ಹತ್ತು ಜನರಲ್ಲಿ ಒಂಬತ್ತು ಜನರಲ್ಲಿ ಇರುತ್ತೆ. ಅವರ ಮಗನ ಮೈಯಲ್ಲಿ ಚಿಕ್ಕಂದಿನಿಂದಲೂ ಇದ್ದದ್ದೇ ಈಗ ಎದ್ದಿರಬಹುದು. ಯಾರದ್ದು ಅಂತ ಯಾರೂ ಬೇರ್ಪಡಿಸಿ ಹೇಳೋಕಾಗಲ್ಲ. ಆ ಕಿಡ್ನಿ ಇಲ್ಲದಿದ್ರೆ ಅವರ ಮಗ ಈಗಲೂ ವಾರಕ್ಕೆ ಮೂರು ದಿನ ಯಂತ್ರದ ಪಕ್ಕ ಮಲಗ್ತಿದ್ದ. ಅವರು ಮೊದಲು ಹೊತ್ತುಹೊತ್ತಿಗೆ ಉಣ್ಣಲಿ, ನೀರು ಕುಡೀಲಿ. ಉಳಿದ ಒಂದು ಕಿಡ್ನಿಯನ್ನ ಅವರೂ ನೋಡ್ಕೋಬೇಕಲ್ಲ. ನನ್ನ ಜೊತೆ ಮಾತಾಡಬೇಕು ಅಂದ್ರೆ ಖಾಸಗಿ ಸಂದೇಶ ಕಳಿಸು, ನಾನೇ ಫೋನ್ ಮಾಡ್ತೀನಿ.

ನೆಫ್ರೋ_ರೆಸಿಡೆಂಟ್
ಅಮ್ಮ ಹೇಳಿದ್ದು ಅಕ್ಷರಶಃ ಸರಿ.

ಬಯಾಪ್ಸಿಗೆ ಕಳಿಸಿದ್ದೂ ಒಳ್ಳೇದಾಯ್ತು. ಕರುಳಿನ ಸಿಎಂವಿಯಲ್ಲಿ ಕೆಲವು ಸಲ ರಕ್ತದ ಪಿಸಿಆರ್ ಖಾಲಿ ಬರುತ್ತೆ, ಹುಣ್ಣಿನ ಚೂರಲ್ಲಿ ಮಾತ್ರ ಸಿಗುತ್ತೆ. ರಕ್ತದಲ್ಲಿ ಇಲ್ಲ ಅಂತ ಕೈಬಿಟ್ಟು ಆಮೇಲೆ ಕರುಳಿಂದ ರಕ್ತಸ್ರಾವ ಆದವರಿದ್ದಾರೆ. ಇನ್ನು ಮೇಲೆ ವಾರಕ್ಕೊಮ್ಮೆ ಪಿಸಿಆರ್ ನೋಡ್ತಾರೆ. ಕನಿಷ್ಠ ಎರಡು ವಾರ ಚಿಕಿತ್ಸೆ, ವೈರಸ್ ಪೂರ್ತಿ ಇಳಿಯೋವರೆಗೆ ಮುಂದುವರಿಕೆ. ಮನೆಗೆ ಬಂದ ಮೇಲೆ ಬಿಳಿ ಕಣ ಇಳೀತು ಅಂತ ವಾಲ್‌ಗ್ಯಾನ್ ಡೋಸ್ ನೀವೇ ಅರ್ಧ ಮಾಡಬೇಡಿ. ಅರೆಬರೆ ಡೋಸ್‌ನಲ್ಲಿ ಬದುಕುಳಿದ ವೈರಸ್ ಔಷಧಕ್ಕೆ ಬಗ್ಗದ ಹಾಗೆ ಬದಲಾಗುತ್ತೆ. ಕಣ ತೀರಾ ಕೆಳಗಿಳಿದ್ರೆ ಅದನ್ನ ಏರಿಸೋ ಇಂಜೆಕ್ಷನ್ ಬೇರೆ ಇದೆ.

ಕರಾವಳಿ_ಅಮ್ಮ
ನನ್ನ ಮಗಳಿಗೆ ಆ ಇಂಜೆಕ್ಷನ್ ಹೊಟ್ಟೆಗೆ ಚುಚ್ಚಿದ್ದು. ಮರುದಿನ ಬೆನ್ನು, ಸೊಂಟದ ಎಲುಬು ನೋವು ಅಂತ ಅತ್ತಳು. ಹಾಗೆ ಆಗ್ತದೆ, ಹೆದರಬೇಡಿ, ಪ್ಯಾರಾಸಿಟಮಾಲ್ ಸಾಕು ಅಂತ ನರ್ಸ್ ಹೇಳಿದರು. ಎರಡೇ ದಿನದಲ್ಲಿ ಕಣ ಏರಿತು. ವಾಲ್‌ಗ್ಯಾನ್ ಊಟದ ಜೊತೆ ಕೊಡಿ, ಖಾಲಿ ಹೊಟ್ಟೆಯಲ್ಲಿ ಮೈಗೆ ಸರಿ ಹತ್ತುವುದಿಲ್ಲ. ಮಾತ್ರೆ ಮುರಿಯಬೇಡಿ, ಪುಡಿ ಮಾಡಬೇಡಿ. ಗರ್ಭಿಣಿಯರು ಅದನ್ನು ಮುಟ್ಟಲೇಬಾರದು.

ಎಡಿಸನ್_ಕನ್ನಡಿಗ
ವಾಲ್‌ಗ್ಯಾನ್‌ಗೆ ಬಗ್ಗದಿದ್ರೆ ಮುಂದೇನು ಅಂತ ಯಾರೂ ಹೇಳಲಿಲ್ಲ. ಫಾಸ್ಕಾರ್ನೆಟ್ ಇದೆ, ಕಿಡ್ನಿಗೆ ಬಹಳ ಒರಟು. 2021ರಲ್ಲಿ ಇಲ್ಲಿ ಮಾರಿಬಾವಿರ್ ಬಂತು. ಆ ಹಂತಕ್ಕೆ ಹೋಗದ ಹಾಗೆ ಮೊದಲ ಔಷಧವನ್ನೇ ಪೂರ್ತಿ ತಗೊಳ್ಳೋದು ಜಾಣತನ. ಇದರಲ್ಲಿ ನಾನು ಡಾಕ್ಟರ್ ಜೊತೆ ಒಪ್ತೀನಿ.

ಲಿವರ್_ಕಸಿ_2019
ಖರ್ಚಿನ ಬಗ್ಗೆ ಯಾರಾದ್ರೂ ಮಾತಾಡಿ. ನಾವು ವಾಲ್‌ಗ್ಯಾನ್‌ಗೆ ಚಿನ್ನ ಅಡ ಇಟ್ಟಿದ್ವಿ.

ಮೆಡಿಕಲ್_ಶಾಪ್_ಶಿವಮೊಗ್ಗ
ಬ್ರ್ಯಾಂಡ್‌ನಿಂದ ಬ್ರ್ಯಾಂಡ್‌ಗೆ ಬೆಲೆಯಲ್ಲಿ ಅಜಗಜಾಂತರ ಇದೆ. ಮುದ್ರಿತ ಬೆಲೆ ನೋಡಿ ಕೊಳ್ಳಬೇಡಿ, ಸ್ಟಾಕಿಸ್ಟ್ ಬಳಿ ಚೌಕಾಸಿ ಮಾಡಿ, ತಿಂಗಳಿನದ್ದು ಒಟ್ಟಿಗೆ ಕೇಳಿ. ಟ್ಯಾಕ್ರೋ ಮಾತ್ರ ಬ್ರ್ಯಾಂಡ್ ಬದಲಿಸೋ ಮುಂಚೆ ತಂಡಕ್ಕೆ ಹೇಳಿ, ಬದಲಿಸಿದ ಮೇಲೆ ಲೆವೆಲ್ ನೋಡಿಸಿ. ವಾಲ್‌ಗ್ಯಾನ್ ಅಷ್ಟು ಸೂಕ್ಷ್ಮ ಅಲ್ಲ. ಬಿಪಿಎಲ್ ಕಾರ್ಡ್ ಇದ್ದವರು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನಲ್ಲಿ ಕಸಿಗೆ ಯಾವ ನೆರವಿದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನ ಆಪರೇಷನ್‌ಗೆ ಮುಂಚೆಯೇ ಕೇಳಿ, ಆಮೇಲೆ ಓಡಾಡಿದ್ರೆ ಕೆಲಸ ಆಗಲ್ಲ.

ಹುಬ್ಬಳ್ಳಿ_ಕಾಕಾ
ಊಟದ್ದೂ ಹೇಳ್ರಿ ಯಾರರೆ. ನಮ್ಮ ತಮ್ಮಗ ಚಕ್ಕೋತ ಬ್ಯಾಡ ಅಂದಾರ. ಯಾಕಂತ ಹೇಳಲಿಲ್ಲ. ಹಣ್ಣು ತಿಂದ್ರ ಏನಾಕ್ಕೈತಿ?

ಮೆಡಿಕಲ್_ಶಾಪ್_ಶಿವಮೊಗ್ಗ
ಸರಿಯಾಗೇ ಹೇಳಿದ್ದಾರೆ ಕಾಕಾ. ದ್ರಾಕ್ಷಿಹಣ್ಣಲ್ಲ, ಗ್ರೇಪ್‌ಫ್ರೂಟ್ ಅಂತ ಬೇರೆ ಇದೆ, ಅದರ ಅಣ್ಣ ನಮ್ಮ ಚಕ್ಕೋತ. ಎರಡರಲ್ಲೂ ಇರೋ ಅಂಶ ಕರುಳಿನ ಕಿಣ್ವವನ್ನ ಕಟ್ಟಿಹಾಕುತ್ತೆ, ಮೇಲೆ ಹೇಳಿದ ಕ್ಲಾರಿಥ್ರೋಮೈಸಿನ್ ಹಾಗೇ. ದೇವನಹಳ್ಳಿ ಕಡೆಯವರಿಗೆ ಹೇಳೋದು ಕಷ್ಟ, ಭೌಗೋಳಿಕ ಮಾನ್ಯತೆ ಸಿಕ್ಕಿರೋ ಹಣ್ಣು, ಮನೆ ಹಿತ್ತಲಲ್ಲೇ ಬಿಟ್ಟಿರುತ್ತೆ. ಆದ್ರೂ ಬೇಡ. ಬಾಳೆಹಣ್ಣು, ಸೇಬು, ಪಪ್ಪಾಯ ತೊಳೆದು ಸಿಪ್ಪೆ ತೆಗೆದು ತಿನ್ನಲಿ. ಪೊಟ್ಯಾಸಿಯಂ ಜಾಸ್ತಿ ಇದ್ರೆ ಬಾಳೆಹಣ್ಣೂ ಕೇಳಿ ತಿನ್ನಬೇಕು.

ಅಡಿಕೆ_ತೋಟ
ಸಾಗರ ಕಡೆಯವನು. ಮೂರು ವರ್ಷದ ಹಿಂದೆ ಕಸಿ ಆಗಿದೆ. ಸರ್ಪಸುತ್ತು ಬಂದು ಹೋಯ್ತು. ಬೆನ್ನಿಂದ ಎದೆಗೆ ಒಂದೇ ಬದಿ ಪಟ್ಟಿ ಹಾಗೆ ಗುಳ್ಳೆ. ಮನೆಯವರು ಕೆಮ್ಮಣ್ಣು ಬರೆಸೋಣ ಅಂದ್ರು. ನಾನು ಒಪ್ಪದೆ ಶಿವಮೊಗ್ಗಕ್ಕೆ ಹೋದೆ. ಗುಳ್ಳೆ ಕಂಡ ಮೂರು ದಿನದೊಳಗೆ ಮಾತ್ರೆ ಶುರು ಮಾಡಿದ್ರೆ ನೋವು ಕಮ್ಮಿ ಅಂತ ಅಲ್ಲಿ ಹೇಳಿದ್ರು, ವ್ಯಾಲಾಸೈಕ್ಲೋವಿರ್ ಕೊಟ್ರು. ಕಣ್ಣಿನ ಹತ್ತಿರ ಬಂದ್ರೆ, ಮೈಯೆಲ್ಲ ಹರಡಿದ್ರೆ ಅಡ್ಮಿಟ್ ಆಗ್ಬೇಕಂತೆ. ಇದಕ್ಕೆ ಲಸಿಕೆ ಇದೆಯಾ?

ನೆಫ್ರೋ_ರೆಸಿಡೆಂಟ್
ಇದೆ. ಶಿಂಗ್ರಿಕ್ಸ್ 2023ರಿಂದ ನಮ್ಮಲ್ಲೂ ಸಿಗ್ತಿದೆ, ಎರಡು ಡೋಸ್. ಅದರಲ್ಲಿ ಜೀವಂತ ವೈರಸ್ ಇಲ್ಲ, ಹಾಗಾಗಿ ಕಸಿ ಆದವರಿಗೂ ಕೊಡಬಹುದು. ದುಬಾರಿ. ಕಸಿ ಆದ ಮೇಲೆ ಕೂಡದ್ದು ಜೀವಂತ ಲಸಿಕೆಗಳು: ಎಂಎಂಆರ್, ಚಿಕನ್‌ಪಾಕ್ಸ್, ಹಳದಿ ಜ್ವರದ್ದು, ಮೂಗಿಗೆ ಹಾಕೋ ಫ್ಲೂ ಲಸಿಕೆ, ಪೋಲಿಯೋ ಹನಿ. ಕಸಿಗೆ ಕಾಯ್ತಿರೋರು ಹೆಪಟೈಟಿಸ್ ಬಿ, ಚಿಕನ್‌ಪಾಕ್ಸ್ ಎಲ್ಲಾ ಮೊದಲೇ ಮುಗಿಸಿಕೊಳ್ಳಿ. ಡಯಾಲಿಸಿಸ್‌ನಲ್ಲಿರೋರಿಗೆ ಹೆಪಟೈಟಿಸ್ ಬಿ ಲಸಿಕೆ ಎರಡರಷ್ಟು ಪ್ರಮಾಣದಲ್ಲಿ ಕೊಡಬೇಕು, ಅದನ್ನೂ ಕೇಳಿ. ಫ್ಲೂ ಇಂಜೆಕ್ಷನ್ ವರ್ಷ ವರ್ಷ, ಮಳೆಗಾಲಕ್ಕೆ ಮುಂಚೆ.

ದಾನಿ_ತಾಯಿ
ಡಾಕ್ಟ್ರೇ, ಮನೇಲಿ ಮೊಮ್ಮಗು ಇದೆ. ಪಲ್ಸ್ ಪೋಲಿಯೋ ದಿನ ಹನಿ ಹಾಕಿಸಬಹುದಾ? ಮಗನ ಮಡಿಲಲ್ಲೇ ಮಲಗುತ್ತೆ ಅದು.

ನೆಫ್ರೋ_ರೆಸಿಡೆಂಟ್
ಒಳ್ಳೇ ಪ್ರಶ್ನೆ ಅಮ್ಮಾ. ಹನಿಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುತ್ತೆ, ವಾರಗಟ್ಟಲೆ ಮಗುವಿನ ಮಲದಲ್ಲಿ ಹೊರಬೀಳುತ್ತೆ. ಕಸಿ ಆದವರಿರೋ ಮನೆಯ ಮಗುವಿಗೆ ಹನಿ ಬದಲು ಇಂಜೆಕ್ಷನ್ ಪೋಲಿಯೋ ಕೊಡಿಸೋದು ಸರಿ. ಬೂತಿಗೆ ಹೋಗೋ ಮುಂಚೆ ಮಕ್ಕಳ ಡಾಕ್ಟರಿಗೆ ಮನೆ ಪರಿಸ್ಥಿತಿ ಹೇಳಿ, ಆರೋಗ್ಯ ಕಾರ್ಯಕರ್ತೆಗೂ ತಿಳಿಸಿ. ಹನಿ ಈಗಾಗಲೇ ಹಾಕಿದ್ರೆ, ಇಲ್ಲಾ ರೋಟಾವೈರಸ್ ಹನಿ ಹಾಕಿಸಿದ್ರೆ, ಒಂದು ತಿಂಗಳು ನಿಮ್ಮ ಮಗ ಡೈಪರ್ ಬದಲಿಸೋದು, ತೊಳೆಯೋದು ಬೇಡ. ಮಡಿಲಲ್ಲಿ ಮಲಗಿಸಿಕೊಳ್ಳಲಿ, ಕೈ ಸೋಪಿನಲ್ಲಿ ತೊಳೆಯಲಿ. ಮಗುವಿನ ಎಂಎಂಆರ್, ಚಿಕನ್‌ಪಾಕ್ಸ್ ಲಸಿಕೆ ತಪ್ಪಿಸಬೇಡಿ. ಮನೆಯವರಿಗೆಲ್ಲ ಲಸಿಕೆ ಆಗಿದ್ರೇ ಅವನಿಗೆ ರಕ್ಷಣೆ.

ಆಯುರ್ವೇದ_ಅಭಿಮಾನಿ
ಅಂದ್ರೆ ಮಗುವಿಗೆ ಪೋಲಿಯೋ ಹಾಕಿಸಬೇಡಿ ಅಂತ ಹೇಳ್ತಿದ್ದೀರಾ?

ನೇರಳೆ_ಮುಚ್ಚಳ
ಇಲ್ಲ ಸಾರ್, ಹಾಕಿಸಿ, ಇಂಜೆಕ್ಷನ್ ರೂಪದಲ್ಲಿ ಹಾಕಿಸಿ ಅಂತ. ದಯವಿಟ್ಟು ಇನ್ನೊಮ್ಮೆ ಓದಿ. ಇಂಥ ಮಾತು ಅರ್ಧ ಕೇಳಿದವರು ಹೊರಗೆ ಹೋಗಿ ಬೇರೆಯೇ ಹೇಳ್ತಾರೆ.

ಕರಾವಳಿ_ಅಮ್ಮ
ಇನ್ನೊಂದು. ಶಾಲೆಯಲ್ಲಿ ಪಕ್ಕದ ಹುಡುಗಿಗೆ ಅಮ್ಮ ಬಂದಿತ್ತು, ಅಂದರೆ 'ಚಿಕನ್‌ಪಾಕ್ಸ್'. ಗುಳ್ಳೆ ಏಳುವ ಮುಂಚೆಯೇ ಹರಡ್ತದೆ, ಹಾಗಾಗಿ ಗೊತ್ತಾಗುವಾಗ ನನ್ನ ಮಗಳು ಅವಳ ಜೊತೆ ಕೂತು ಆಗಿತ್ತು. ಅದೇ ಸಂಜೆ ಫೋನ್ ಮಾಡಿದೆ. ಹತ್ತು ದಿನದೊಳಗೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಕೊಡಬಹುದು, ಎಷ್ಟು ಬೇಗ ಅಷ್ಟು ಒಳ್ಳೆಯದು ಅಂದರು. ಅದು ಸಿಗಲಿಲ್ಲ, ಮಾತ್ರೆ ಕೊಟ್ಟರು. ಬರಲಿಲ್ಲ ದೇವರ ದಯೆ. ಶಾಲೆಯ ಟೀಚರಿಗೆ ಮೊದಲೇ ಹೇಳಿಟ್ಟದ್ದು ಉಪಕಾರ ಆಯ್ತು, ಅವರೇ ನನಗೆ ತಿಳಿಸಿದ್ದು.

ಬೆಣ್ಣೆನಗರಿ_ಸೊಸೆ
ಬಯಾಪ್ಸಿಯಲ್ಲೂ ಸಿಎಂವಿ ಅಂತಲೇ ಬಂತು. ಭೇದಿ ನಿಂತಿದೆ, ಕ್ರಿಯಾಟಿನಿನ್ 1.3. ಪಿಸಿಆರ್ ಇಳೀತಿದೆ. ನಾಡಿದ್ದು ಡಿಸ್ಚಾರ್ಜ್, ಆಮೇಲೆ ಮಾತ್ರೆಯಲ್ಲಿ ಮುಂದುವರಿಸ್ತಾರೆ. @ದಾನಿ_ತಾಯಿ ಅಮ್ಮಾ, ನೀವು ಅತ್ತೆ ಜೊತೆ ಮಾತಾಡಿದ್ದಕ್ಕೆ ಹೇಗೆ ಕೃತಜ್ಞತೆ ಹೇಳಲಿ ಗೊತ್ತಾಗ್ತಿಲ್ಲ. ನಿನ್ನೆ ರೊಟ್ಟಿ ತಟ್ಟಿ ಕಳಿಸಿದ್ರು.

ಹುಬ್ಬಳ್ಳಿ_ಕಾಕಾ
ಭಾಳ ಖುಷಿ ಆತು ನೋಡ್ವಾ.

ಅಡಿಕೆ_ತೋಟ
ಸಂತೋಷ ಅಕ್ಕಾ. ನನ್ನದೊಂದು ಪ್ರಶ್ನೆ ಉಳಿದಿದೆ. ನಮ್ಮ ಕಡೆ ಮಂಗನ ಕಾಯಿಲೆ ಕಾಟ. ಸೊರಬದ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಸಿಕ್ಕಿದ ವೈರಸ್ ಇನ್ನೂ ಬಿಟ್ಟಿಲ್ಲ. ಕಸಿ ಆದವನು ತೋಟಕ್ಕೆ, ದರಕು (ಒಣ ಎಲೆ) ತರೋಕೆ ಕಾಡಿಗೆ ಹೋಗಬಹುದಾ? ಕೆಲಸದವರು ಸಿಗಲ್ಲ, ಮನೇಲೇ ಕೂತ್ರೆ ನಡೆಯಲ್ಲ.

ನೆಫ್ರೋ_ರೆಸಿಡೆಂಟ್
ತೋಟ ಸರಿ, ದರಕಿಗೆ ನೀವು ಹೋಗೋದು ಬೇಡ. ಆ ವೈರಸ್ ಹರಡೋ ಉಣ್ಣೆ ಹುಳ ಒಣ ಎಲೆ ರಾಶಿಯಲ್ಲೇ ಇರೋದು. ಡಿಸೆಂಬರ್‌ನಿಂದ ಮೇವರೆಗೆ ಜೋರು. ಮಂಗ ಸತ್ತು ಬಿದ್ದ ಜಾಗಕ್ಕೆ ಹೋಗಲೇಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ. ಉದ್ದ ತೋಳಿನ ಅಂಗಿ, ಪ್ಯಾಂಟು ಕಾಲ್ಚೀಲದೊಳಗೆ. ಬಂದ ಮೇಲೆ ಬಿಸಿನೀರು ಸ್ನಾನ, ಬಟ್ಟೆ ಬಿಸಿನೀರಿಗೆ. ಅದಕ್ಕೆ ನೇರ ಔಷಧ ಇಲ್ಲ, ಹಿಂದೆ ಕೊಡ್ತಿದ್ದ ಲಸಿಕೆಯೂ ನಿಂತಿದೆ. ಜ್ವರ ಬಂದ್ರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ. ಐಬುಪ್ರೊಫೆನ್, ಡೈಕ್ಲೊಫೆನಾಕ್ ರಕ್ತಸ್ರಾವಕ್ಕೂ ಕೆಟ್ಟದ್ದು, ಕಿಡ್ನಿಗೂ ಕೆಟ್ಟದ್ದು. ಡೆಂಗಿಗೂ ಇದೇ ಮಾತು.

ಮೆಡಿಕಲ್_ಶಾಪ್_ಶಿವಮೊಗ್ಗ
ತೋಟಕ್ಕೆ ಹೋಗುವಾಗ ಉಣ್ಣೆ ಹತ್ತದ ಹಾಗೆ ತಡೆಯೋ ಡೆಪಾ ತೈಲ ಹಚ್ಚಿಕೊಂಡು ಹೋಗಿ.

ಅಡಿಕೆ_ತೋಟ
ಅಂಗಡಿಯಲ್ಲಿ ಸಿಗುತ್ತಾ?

ಮೆಡಿಕಲ್_ಶಾಪ್_ಶಿವಮೊಗ್ಗ
ನನ್ನಲ್ಲಿ ಇಲ್ಲ. ಸೀಸನ್‌ನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಹಂಚ್ತಾರೆ, ನಿಮ್ಮೂರ ಆಶಾ ಕಾರ್ಯಕರ್ತೆಯನ್ನ ಕೇಳಿ. ಕೈಕಾಲಿಗೆ ಹಚ್ಚೋದು, ಕಣ್ಣು ಬಾಯಿ ಹತ್ತಿರ ಬೇಡ.